ಬರದ ಸೀಮೆಯ ಬಣ್ಣ

ರಾಯಚೂರು ಜಿಲ್ಲೆಯ ಬಗ್ಗೆ ಬರೆಯಲು ಕುಳಿತವರಿಗೆ ಕೆಲವು ಪದಗಳು ಹುಡುಕದೆಯೇ ಸಿಗುತ್ತವೆ: ಬರ, ಗುಳೆ, ಅಪೌಷ್ಟಿಕತೆ. ಇವು ಸುಳ್ಳಲ್ಲ. 2011ರ ಜನಗಣತಿಯಲ್ಲಿ ಜಿಲ್ಲೆಯ ಸಾಕ್ಷರತೆ ಶೇ 60ನ್ನು ಮುಟ್ಟಲಿಲ್ಲ. 2018ರಲ್ಲಿ ಕೇಂದ್ರ ಸರ್ಕಾರ ‘ಮಹತ್ವಾಕಾಂಕ್ಷಿ ಜಿಲ್ಲೆ’ಗಳ ಪಟ್ಟಿ ಮಾಡಿದಾಗ ಕರ್ನಾಟಕದಿಂದ ಅದರಲ್ಲಿ ಸೇರಿದ್ದು ಎರಡೇ, ರಾಯಚೂರು ಮತ್ತು ಯಾದಗಿರಿ. ಕೃಷ್ಣೆ, ತುಂಗಭದ್ರೆ ಎರಡರ ನಡುವೆ ಇದ್ದೂ ದೇವದುರ್ಗದ ಕಡೆಯ ಕುಟುಂಬಗಳು ಸುಗ್ಗಿ ಮುಗಿಯುತ್ತಲೇ ದೂರದ ನಗರಗಳ ಕಟ್ಟಡ ಕೆಲಸಕ್ಕೆ ಗಂಟು ಕಟ್ಟುತ್ತವೆ. ತುಂಗಭದ್ರಾ ಎಡದಂಡೆ ನಾಲೆಯ ಕೊನೆಭಾಗದ ಮಾನ್ವಿ, ರಾಯಚೂರಿನ ರೈತರು ನೀರಿಗಾಗಿ ಮತ್ತೆ ಮತ್ತೆ ರಸ್ತೆಗಿಳಿಯುತ್ತಾರೆ. ಇಂಥ ಸೀಮೆಯಲ್ಲಿ ನಿಂತು ನಿತ್ಯದ ಬದುಕಿಗೆ ಕಲೆ ಬೇಕು, ಬಣ್ಣ ಬೇಕು, ಉಡುವುದರಲ್ಲಿ ಉಣ್ಣುವುದರಲ್ಲಿ ಒಂದು ಒಪ್ಪ ಬೇಕು ಎಂದರೆ, ಅದು ಹೊಟ್ಟೆ ತುಂಬಿದವರ ಮಾತು ಎಂದು ಯಾರಾದರೂ ತಟ್ಟನೆ ಹೇಳಿಯಾರು. ಮೊದಲು ನೀರು, ಅನ್ನ, ಸೂರು. ಚೆಂದದ ಮಾತು ಆಮೇಲೆ. ಈ ಸರದಿ ನಮಗೆ ಎಷ್ಟು ಸಹಜವಾಗಿಬಿಟ್ಟಿದೆಯೆಂದರೆ ಸರ್ಕಾರದ ಯೋಜನೆಗಳು, ಬಜೆಟ್ಟುಗಳು, ಶಾಲೆಯ ವೇಳಾಪಟ್ಟಿಗಳೆಲ್ಲ ಅದರ ಮೇಲೆಯೇ ನಿಂತಿವೆ. ಆದರೆ ಇದೇ ಸೀಮೆಯ ಜನ ಬಾಳಿದ ಬಗೆಯನ್ನು ನೋಡಿದರೆ ಈ ಸರದಿ ತಪ್ಪು ಎಂದೇ ನನಗೆ ಅನಿಸುತ್ತದೆ. ಇಲ್ಲಿನವರು ಚೆಂದವನ್ನು ಕೊರತೆ ತೀರಿದ ಮೇಲೆ ನೋಡಿಕೊಂಡರಾಯಿತು ಎಂದು ಮುಂದೂಡಲಿಲ್ಲ. ಕೊರತೆಯ ನಡುವೆಯೇ ಅದಕ್ಕೊಂದು ಜಾಗ ಮಾಡಿಕೊಟ್ಟರು.

ಗುಳೆ ಹೋಗುವವರ ಗಂಟನ್ನೇ ನೋಡಿ. ಜೋಳದ ಹಿಟ್ಟು, ಖಾರದ ಪುಡಿ, ಒಂದೆರಡು ಬೋಗುಣಿ, ರೊಟ್ಟಿ ಹಂಚು, ಉಡುವ ಬಟ್ಟೆ, ಅದರ ಜೊತೆಗೆ ಕೌದಿ. ಮಾನ್ವಿ ತಾಲ್ಲೂಕಿನ ಹಿರೇಕೊಟ್ನೆಕಲ್ ಇರಲಿ, ದೇವದುರ್ಗದ ಗಬ್ಬೂರು ಇರಲಿ, ಈ ಭಾಗದಲ್ಲಿ ಕೌದಿ ಹೊಸ ಬಟ್ಟೆಯಿಂದ ಹುಟ್ಟುವುದಿಲ್ಲ. ಉಟ್ಟು ಸವೆದ ಸೀರೆ, ಗಂಡಸರ ಧೋತರ, ಮಕ್ಕಳ ಅಂಗಿ, ಟೇಲರ್ ಅಂಗಡಿಯಲ್ಲಿ ಉಳಿದ ತುಂಡು, ಎಲ್ಲ ಕೂಡಿದರೆ ಒಂದು ಕೌದಿ. ಕೆಳಗೊಂದು ಹಳೆ ಸೀರೆ ಹಾಸಿ, ಅದರ ಮೇಲೆ ಪದರ ಪದರವಾಗಿ ಬಟ್ಟೆ ಹರಡಿ, ಅಂಚಿನಿಂದ ಹೊಲಿಗೆ ಶುರು ಮಾಡುತ್ತಾರೆ. ಅಂಚಿನುದ್ದಕ್ಕೆ ಒಂದು ಸುತ್ತು, ಬೆರಳಗಲ ಒಳಗೆ ಇನ್ನೊಂದು ಸುತ್ತು, ಹೀಗೆ ಚೌಕದೊಳಗೆ ಚೌಕವಾಗಿ ಸೂಜಿ ನಡುವಿಗೆ ಸಾಗುತ್ತದೆ. ಇದಕ್ಕೆ ಕಾರಣವಿದೆ: ಸಾಲು ದಟ್ಟವಾಗಿದ್ದರೆ ಒಗೆಯುವಾಗ ಒಳಗಿನ ಚಿಂದಿ ಮುದುಡಿ ಒಂದೆಡೆ ಸೇರುವುದಿಲ್ಲ. ಹೆಚ್ಚು ಸವೆದು ಮೆತ್ತಗಾದ ಬಟ್ಟೆ ಮೈಗೆ ತಾಗುವ ಕಡೆ ಬರುವುದಕ್ಕೂ ಕಾರಣವಿದೆ. ಆದರೆ ಕೆಂಪು ಸೆರಗಿನ ತುಂಡೊಂದನ್ನು ನಟ್ಟನಡುವೆ ಇಟ್ಟು, ಅದರ ನಾಲ್ಕೂ ಮಗ್ಗುಲಿಗೆ ಹಸಿರು, ಹಳದಿ ತುಂಡುಗಳನ್ನು ಮೂಲೆಗೆ ಮೂಲೆ ಕೂಡುವಂತೆ ಕತ್ತರಿಸಿ ಜೋಡಿಸುವುದಕ್ಕೆ ಬೆಚ್ಚಗೆ ಮಲಗುವ ಲೆಕ್ಕದಲ್ಲಿ ಯಾವ ಕಾರಣವೂ ಸಿಗದು. ತುಂಡುಗಳನ್ನು ಹೇಗೆ ಇಟ್ಟರೂ ಚಳಿ ಅಷ್ಟೇ ತಡೆಯುತ್ತದೆ. ಹೊಲಿಯುವವಳಿಗೆ ಇದು ಗೊತ್ತು. ಗೊತ್ತಿದ್ದೂ ಅವಳು ಒಂದು ತುಂಡು ಇಟ್ಟು ನೋಡಿ, ಹೊಂದಲಿಲ್ಲವೆಂದು ತೆಗೆದು, ಇನ್ನೊಂದನ್ನು ಇಡುತ್ತಾಳೆ. ಉತ್ತರ ಕನ್ನಡದ ಹಳಿಯಾಳ, ಯಲ್ಲಾಪುರ ಭಾಗದ ಸಿದ್ದಿ ಮಹಿಳೆಯರೂ ಹಳೆ ಬಟ್ಟೆಯಿಂದ ಹೀಗೆಯೇ ಅಂಚಿನಿಂದ ನಡುವಿಗೆ ಕೌದಿ ಹೊಲಿಯುತ್ತಾರೆ. ಬಟ್ಟೆಯನ್ನು ತ್ರಿಕೋನವಾಗಿ ಮಡಚಿ ನಾಲ್ಕು ಮೂಲೆಗೆ ಹೂ ಕೂರಿಸದ ಹೊರತು ಅವರ ಪಾಲಿಗೆ ಅದು ಪೂರ್ತಿಯಾಗುವುದಿಲ್ಲ. ಕೆಲಸಕ್ಕೆ ಬೇಕಾದುದಕ್ಕಿಂತ ಹೀಗೆ ಒಂದು ಕೈ ಹೆಚ್ಚು ಮಾಡುವುದನ್ನೇ ನಾನು ಇಲ್ಲಿ ಕಲೆ ಎನ್ನುತ್ತಿದ್ದೇನೆ. ಗ್ಯಾಲರಿಯ ಕಲೆಯನ್ನು ಕಡೆಗಣಿಸುವ ಉದ್ದೇಶ ನನಗಿಲ್ಲ. ಆದರೆ ಅದರ ಬೇರೂ ಈ ಹೆಚ್ಚಿನ ಒಂದು ಕೈಯಲ್ಲೇ ಇದೆ.

ಒಮ್ಮೆ ಇದನ್ನು ಗಮನಿಸಿದರೆ ಆಮೇಲೆ ಎಲ್ಲೆಲ್ಲೂ ಕಾಣುತ್ತದೆ. ಮಣ್ಣಿನ ಮಾಳಿಗೆ ಮನೆಗೆ ಸುಣ್ಣ ಬಳಿಯುವುದು ಉಪಯೋಗದ ಕೆಲಸ. ಬಿಳಿ ಗೋಡೆ ನಲವತ್ತು ಡಿಗ್ರಿ ದಾಟುವ ಬಿಸಿಲನ್ನು ಹಿಂದಕ್ಕೆ ಅಟ್ಟುತ್ತದೆ, ಸುಣ್ಣದ ಕ್ಷಾರಕ್ಕೆ ಬೂಷ್ಟು ಸುಲಭವಾಗಿ ಹಿಡಿಯುವುದಿಲ್ಲ. ಗೋಡೆಯ ಬುಡಕ್ಕೆ ಕೆಮ್ಮಣ್ಣಿನ ಪಟ್ಟಿ ಎಳೆದರೆ ಮಳೆಯಲ್ಲಿ ಸಿಡಿದ ಕೆಸರು ಎದ್ದು ಕಾಣದು. ಅಲ್ಲಿಗೆ ಉಪಯೋಗ ಮುಗಿಯಿತು. ಆ ಕೆಂಪು ಪಟ್ಟಿಯ ಮೇಲೆ ಸಾಲಾಗಿ ಬಿಳಿ ಚುಕ್ಕಿ ಇಡುವುದು ಯಾವ ಉಪಯೋಗಕ್ಕೂ ಅಲ್ಲ. ಕಾರಹುಣ್ಣಿಮೆಯ ದಿನ ಎತ್ತಿನ ಕೋಡಿಗೆ ಬಣ್ಣ ಹಚ್ಚಿ, ಕೊರಳಿಗೆ ಗೆಜ್ಜೆ ಕಟ್ಟಿ, ಬೆನ್ನಿಗೆ ಜೂಲ ಹೊದಿಸಿದರೆ ಮರುದಿನ ಅದು ಒಂದು ಸಾಲು ಹೆಚ್ಚು ಉಳುವುದಿಲ್ಲ. ಗೌರಿ ಹುಣ್ಣಿಮೆಗೆ ಹೆಣ್ಣುಮಕ್ಕಳು ಒಯ್ಯುವ ಆರತಿಯ ಸಕ್ಕರೆ, ನವಿಲಾಗಿ ಕುದುರೆಯಾಗಿ ಅಚ್ಚಿನಿಂದ ಇಳಿದರೂ ಇಳಿಯದಿದ್ದರೂ ಸಿಹಿ ಒಂದೇ. ಲಿಂಗಸುಗೂರು ತಾಲ್ಲೂಕಿನ ಮುದಗಲ್ಲಿನಲ್ಲಿ ಮೊಹರಂ ಬಂದರೆ ಹಿಂದೂ ಮುಸ್ಲಿಂ ಎನ್ನದೆ ಜನ ಕೂಡುತ್ತಾರೆ; ಆಲಂಗಳ ಹಸಿರು, ಕೆಂಪು ಬಟ್ಟೆ, ಜರಿ, ಹೂವಿನ ಸಾಲು ಇಡೀ ಊರಿನ ಸ್ವತ್ತಾಗುತ್ತದೆ. ಇವೆಲ್ಲದರಲ್ಲಿ ನನಗೆ ಹೆಚ್ಚು ಬೆರಗು ತರಿಸುವುದು ಇಳಕಲ್ ಸೀರೆಯ ಲೆಕ್ಕಾಚಾರ. ಅದರ ಒಡಲಿನ ಹಾಸು ಹತ್ತಿಯದಾದರೂ ಸೆರಗಿನ ಹಾಸು ರೇಷ್ಮೆಯದು. ಎರಡನ್ನೂ ಎಳೆಗೆ ಎಳೆ ಕುಣಿಕೆ ಹಾಕಿ ಕೂಡಿಸುವುದಕ್ಕೆ ನೇಕಾರರು ಕೊಂಡಿ ಎನ್ನುತ್ತಾರೆ. ಮೈಗೆ ಸುತ್ತಿ ಹೊಲದಲ್ಲಿ ದುಡಿಯುವ ಭಾಗಕ್ಕೆ ಬೆವರು ಹೀರುವ, ಅಗ್ಗದ, ಗಟ್ಟಿ ನೂಲು. ತಲೆ ಮೇಲೆ ಹೊದ್ದು ನಾಲ್ಕು ಜನರ ಎದುರು ಕಾಣುವ ಭಾಗಕ್ಕೆ ಮಾತ್ರ ಕೆಂಪು ರೇಷ್ಮೆ, ಅದರಲ್ಲಿ ಕೋಟೆಯ ತೆನೆಯಂತೆ, ಬಾಚಣಿಗೆಯ ಹಲ್ಲಿನಂತೆ ಎದ್ದ ಬಿಳಿ ಚಿತ್ತಾರ. ರೇಷ್ಮೆಯನ್ನು ಪೂರ್ತಿ ಕೊಳ್ಳಲು ಕೈಯಲ್ಲಿ ಕಾಸಿಲ್ಲದವರು ರೇಷ್ಮೆಯನ್ನು ಬಿಟ್ಟುಕೊಡಲಿಲ್ಲ. ಎಷ್ಟು ಸಾಧ್ಯವೋ ಅಷ್ಟನ್ನು, ಎಲ್ಲಿ ಬೇಕೋ ಅಲ್ಲಿ ಇಟ್ಟುಕೊಂಡರು. ಅದನ್ನು ಸಾಧ್ಯ ಮಾಡಲು ಒಂದು ತಂತ್ರವನ್ನೇ ಕಟ್ಟಿದರು.

ಈ ಗುಣ ಹಳ್ಳಿಗಾಡಿಗೆ ನಿನ್ನೆ ಮೊನ್ನೆ ಬಂದದ್ದಲ್ಲ. ಮುದಗಲ್ಲಿನ ಬಳಿಯ ಪಿಕ್ಲಿಹಾಳದ ಬಂಡೆಗಳ ನಡುವೆ ನವಶಿಲಾಯುಗದ ದನಗಾಹಿಗಳು ನೆಲೆಸಿದ್ದರು. ಪುರಾತತ್ವಜ್ಞ ಎಫ್.ಆರ್. ಆಲ್ಚಿನ್ 1952ರಲ್ಲಿ ಅಲ್ಲಿ ಉತ್ಖನನ ನಡೆಸಿದರು, ಅದರ ವರದಿ 1960ರಲ್ಲಿ ಪ್ರಕಟವಾಯಿತು. ಅಲ್ಲಿನ ಬಂಡೆಗಳ ಮೇಲೆ ಕುಟ್ಟಿ ಮೂಡಿಸಿದ, ಬಣ್ಣದಲ್ಲಿ ಬರೆದ ಗೂಳಿ, ಹಸುಗಳಿವೆ. ಆ ಚಿತ್ರಗಳಿಗೆ ಪೂಜೆಯ, ಮಾಟದ, ಮಂದೆ ಹೆಚ್ಚಲೆಂಬ ಹರಕೆಯ ಉದ್ದೇಶ ಇದ್ದಿರಬಹುದು ಎಂದು ವಾದಿಸಲು ಅವಕಾಶವಿದೆ. ನನಗೆ ಅದಕ್ಕಿಂತ ಬಲವಾದ ಸಾಕ್ಷಿ ಅವರ ಮಡಕೆ. ಆ ಕಾಲದ ಬೂದುಬಣ್ಣದ ಉಜ್ಜಿ ನಯ ಮಾಡಿದ ಮಡಕೆಗಳ ಕೆಲವಕ್ಕೆ ಸುಟ್ಟ ನಂತರ ಕೆಮ್ಮಣ್ಣಿನ ಪಟ್ಟಿ ಬಳಿದಿದ್ದಾರೆ. ಸುಡುವ ಮೊದಲು ಹಚ್ಚಿದ ಬಣ್ಣ ಮಡಕೆಗೆ ಹತ್ತಿಕೊಳ್ಳುತ್ತದೆ. ಸುಟ್ಟ ಮೇಲೆ ಹಚ್ಚಿದ್ದು ಕೈ ತಾಗಿದರೆ, ನೀರು ಬಿದ್ದರೆ ಅಳಿಸಿಹೋಗುತ್ತದೆ. ಮಡಕೆ ಆಗಲೇ ಕೆಲಸಕ್ಕೆ ಸಿದ್ಧವಾಗಿತ್ತು. ಅಳಿಸಿಹೋಗುವ ಬಣ್ಣವನ್ನು ಹಚ್ಚಲು ನಾಲ್ಕು ಸಾವಿರ ವರ್ಷಗಳ ಹಿಂದೆ, ಮಳೆ ನಂಬಿ ದನ ಕಾಯುತ್ತಿದ್ದವರಿಗೆ ಹೊತ್ತು ಸಿಕ್ಕಿತು. ಮಸ್ಕಿ ಎಂದರೆ ನಮಗೆ 1915ರಲ್ಲಿ ಬೆಳಕಿಗೆ ಬಂದ ಅಶೋಕನ ಶಾಸನವೇ ನೆನಪಾಗುತ್ತದೆ, 1954ರಲ್ಲಿ ಬಿ.ಕೆ. ಥಾಪರ್ ಅದೇ ಊರಲ್ಲಿ ಅಗೆದಾಗ ಬಗೆಬಗೆಯ ಕಲ್ಲಿನ ಮಣಿಗಳೂ ಸಿಕ್ಕವು. ಗಟ್ಟಿ ಕಲ್ಲನ್ನು ಉಜ್ಜಿ, ಹೊಳಪು ಕೊಟ್ಟು, ದಾರ ಹೋಗುವಷ್ಟು ತೂತು ಕೊರೆಯುವುದು ತಾಸುಗಳ ಕೆಲಸ. ಅಷ್ಟು ಹೊತ್ತನ್ನು ಬೇಟೆಗೋ ಬೆಳೆಗೋ ಕೊಡಬಹುದಿತ್ತು ಎಂದು ಅವರಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಇಲ್ಲಿ ಮೊದಲ ಆಕ್ಷೇಪ ಎದುರಾಗುತ್ತದೆ. ಅಂದಿನವರು ಹಾಗೆ ಬಾಳಿದರು ಎಂಬ ಮಾತ್ರಕ್ಕೆ ಇಂದಿನ ಬಡವರಿಗೂ ಅದೇ ಬೇಕು ಎನ್ನಲಾದೀತೇ? ಬಡವನಿಗೆ ಕೈಗೆ ಹತ್ತು ರೂಪಾಯಿ ಹೆಚ್ಚು ಬಂದರೆ ಅವನು ಅನ್ನಕ್ಕೇ ಹಾಕುತ್ತಾನಲ್ಲವೇ? ಇದಕ್ಕೆ ಉತ್ತರ ಅರ್ಥಶಾಸ್ತ್ರಜ್ಞರೇ ಕೊಟ್ಟಿದ್ದಾರೆ. ಮುಂದೆ 2019ರಲ್ಲಿ ನೊಬೆಲ್ ಪಡೆದ ಅಭಿಜಿತ್ ಬ್ಯಾನರ್ಜಿ ಮತ್ತು ಎಸ್ತರ್ ಡಫ್ಲೋ 2007ರಲ್ಲಿ ಹದಿಮೂರು ದೇಶಗಳ ಕಡು ಬಡವರ ಖರ್ಚಿನ ವಿವರ ಕಲೆಹಾಕಿ ಒಂದು ಲೇಖನ ಬರೆದರು. ರಾಜಸ್ಥಾನದ ಉದಯಪುರದಲ್ಲಿ ಅತಿ ಬಡ ಕುಟುಂಬಗಳಲ್ಲಿ ಹೆಚ್ಚುಕಡಿಮೆ ಎಲ್ಲವೂ ಹಿಂದಿನ ವರ್ಷ ಹಬ್ಬ, ಮದುವೆ ಇಲ್ಲವೇ ಸಾವಿನ ಕಾರ್ಯಕ್ಕೆ ಹಣ ಹಾಕಿದ್ದವು. ಹಬ್ಬಗಳಿಗೇ ವರ್ಷದ ಖರ್ಚಿನಲ್ಲಿ ಹತ್ತರಲ್ಲಿ ಒಂದು ಪಾಲಿನಷ್ಟು ಹೋಗಿತ್ತು. ಹೊಟ್ಟೆ ಪೂರ್ತಿ ತುಂಬದ ಮನೆಗಳೂ ಇನ್ನಷ್ಟು ಧಾನ್ಯ ಕೊಳ್ಳುವ ಬದಲು ಈ ದಾರಿ ಹಿಡಿದಿದ್ದವು. ಇದನ್ನು ಕೆಲವರು ದುಂದು ಎನ್ನುತ್ತಾರೆ, ಬಡವರಿಗೆ ಹಣದ ಹಿಡಿತ ಕಲಿಸಬೇಕು ಎಂದು ಸಲಹೆ ಕೊಡುತ್ತಾರೆ. ಮದುವೆಗೆಂದು ಸಾಲ ಮಾಡಿ ಹೊಲ ಕಳೆದುಕೊಂಡವರ ಸಂಕಟ ಚಿಕ್ಕದಲ್ಲ, ಅದನ್ನು ಚೆಂದದ ಹೆಸರಲ್ಲಿ ಸಮರ್ಥಿಸುವುದು ನನಗೆ ಬೇಕಿಲ್ಲ. ಆದರೆ ಆ ಅಂಕಿಗಳು ಹೇಳುವ ಮುಖ್ಯ ಸಂಗತಿ ಬೇರೆ. ಅನ್ನ ಮೊದಲು, ಉಳಿದದ್ದೆಲ್ಲ ನಂತರ ಎಂಬ ಸರದಿ ಬಡವರು ಒಪ್ಪಿದ್ದಲ್ಲ. ಅವರ ಪರವಾಗಿ ಯೋಚಿಸಲು ಕುಳಿತವರು ಹೊರಗಿನಿಂದ ಹೇರಿದ್ದು. ಬರೀ ಹೊಟ್ಟೆಯಾಗಿ ಬದುಕಲು ಯಾರೂ ಒಪ್ಪುವುದಿಲ್ಲ.

ಎರಡನೆಯ ಆಕ್ಷೇಪ ಹೆಚ್ಚು ಕಠಿಣವಾದದ್ದು, ಅದಕ್ಕೆ ಅರ್ಧ ತಲೆಬಾಗಲೇಬೇಕು. ಈ ಚೆಂದವನ್ನೆಲ್ಲ ಮಾಡಿದ್ದು ಯಾರ ಕೈ? ಅಂಗಳಕ್ಕೆ ಸಗಣಿ ಸಾರಿಸಿ ರಂಗೋಲಿ ಇಟ್ಟವಳು, ಗೋಡೆಗೆ ಸುಣ್ಣ ಬಳಿದವಳು, ಕೌದಿ ಹೊಲಿದವಳು, ಎಲ್ಲ ಹೆಂಗಸರೇ. 2019ರ ರಾಷ್ಟ್ರೀಯ ಸಮಯ ಬಳಕೆ ಸಮೀಕ್ಷೆಯ ಪ್ರಕಾರ ಮನೆಗೆಲಸ ಮಾಡುವ ಹೆಣ್ಣುಮಕ್ಕಳು ಸಂಬಳವಿಲ್ಲದ ಆ ಕೆಲಸಕ್ಕೆ ದಿನಕ್ಕೆ 299 ನಿಮಿಷ ಕೊಡುತ್ತಿದ್ದರು. ಆ ಕೆಲಸಕ್ಕೆ ಕೈ ಹಚ್ಚುವ ಗಂಡಸರು ಕೊಡುತ್ತಿದ್ದುದು 97 ನಿಮಿಷ. ಹೊಲದಲ್ಲಿ ಹತ್ತಿ ಬಿಡಿಸಿ ಬಂದವಳು ನಸುಕಿಗೆ ಎದ್ದು ಅಂಗಳ ಬಳಿಯಬೇಕು, ಬಳಿಯದಿದ್ದರೆ ಬೈಗುಳ ಕೇಳಬೇಕು ಎಂದಾದರೆ ಆ ರಂಗೋಲಿ ಶಿಕ್ಷೆಯೇ ಸರಿ. ಸಿಮೆಂಟು ಅಂಗಳ ಬಂದಾಗ, ಅಂಗಡಿಯ ರಗ್ಗು ಸಿಕ್ಕಾಗ ಅವಳು ನಿಟ್ಟುಸಿರು ಬಿಟ್ಟಿದ್ದರೆ ಅದನ್ನು ಸಂಸ್ಕೃತಿಯ ನಾಶ ಎಂದು ಗೊಣಗುವ ಹಕ್ಕು ಯಾರಿಗೂ ಇಲ್ಲ. ಆದರೆ ಇನ್ನರ್ಧ ಮಾತೂ ಇದೆ. ಕೌದಿ ಹೊಲಿಯುವುದು ನಿತ್ಯದ ಕಸ ಮುಸುರೆಯ ಹಾಗಲ್ಲ. ಬೇಸಿಗೆಯ ಬಿಡುವಿನಲ್ಲಿ, ಒಂದು ಕೌದಿಯ ಸುತ್ತ ಮೂರು ನಾಲ್ಕು ಜನ ಕುಳಿತು, ಮಾತಾಡುತ್ತ, ಹಾಡುತ್ತ ಮಾಡುವ ಕೆಲಸ ಅದು. ಯಾವ ಬಣ್ಣ ಎಲ್ಲಿ ಬರಬೇಕೆಂದು ಅಲ್ಲಿ ಅವಳೇ ನಿರ್ಧರಿಸುತ್ತಾಳೆ, ಅತ್ತೆಯಾಗಲೀ ಗಂಡನಾಗಲೀ ಹೇಳುವಂತಿಲ್ಲ. ಮನೆಯ ಉಳಿದ ಯಾವ ತೀರ್ಮಾನದಲ್ಲೂ ಅವಳ ಮಾತು ನಡೆಯದ ಕಾಲದಲ್ಲಿ ಆ ನಾಲ್ಕು ಮೊಳದ ಬಟ್ಟೆಯ ಮೇಲೆ ಅವಳ ಮಾತೇ ಕೊನೆ. ಸರಿಪಡಿಸಬೇಕಾದದ್ದು ದುಡಿಮೆಯ ಹಂಚಿಕೆಯನ್ನು. ಗಂಡಸು ಪೊರಕೆ ಹಿಡಿಯುವುದನ್ನು ಕಲಿತರೆ ಹೆಂಗಸಿಗೆ ಸೂಜಿ ಹಿಡಿಯಲು ಹೊತ್ತು ಸಿಗುತ್ತದೆ. ಬೇಡವೆನಿಸಿದರೆ ಸುಮ್ಮನೆ ಕೂರಲೂ ಸಿಗುತ್ತದೆ.

ಒಪ್ಪವಾಗಿ ಬಾಳುವ ಹಕ್ಕು ಎಲ್ಲರಿಗೂ ಒಂದೇ ಅಳತೆಯಲ್ಲಿ ಸಿಕ್ಕಿತ್ತು ಎಂದೂ ಹೇಳಲಾಗದು. ಇಂಥ ಜಾತಿಯವರು ಇಂಥದ್ದನ್ನೇ ಉಡಬೇಕು, ಇಂಥ ಒಡವೆ ತೊಡಬಾರದು, ಇಷ್ಟೆತ್ತರದ ಮನೆ ಕಟ್ಟಬಾರದು ಎಂಬ ಕಟ್ಟುಪಾಡು ನಮ್ಮ ಊರುಗಳಲ್ಲಿತ್ತು. ಚೆಂದವಾಗಿ ಕಾಣುವುದು ಸಣ್ಣ ಸಂಗತಿಯಾಗಿದ್ದರೆ ಅದನ್ನು ತಡೆಯಲು ಮೇಲ್ಜಾತಿಗಳು ಅಷ್ಟು ಶ್ರಮ ಪಡುತ್ತಿರಲಿಲ್ಲ. ಡಾ. ಅಂಬೇಡ್ಕರ್ ಇದನ್ನು ಎಲ್ಲರಿಗಿಂತ ಚೆನ್ನಾಗಿ ಅರಿತಿದ್ದರು. 1927ರ ಡಿಸೆಂಬರಿನಲ್ಲಿ ಮಹಾಡದಲ್ಲಿ ದಲಿತ ಮಹಿಳೆಯರನ್ನು ಉದ್ದೇಶಿಸಿ ಮಾತಾಡಿದಾಗ, ಜಾತಿಯ ಗುರುತು ಹೇಳುವ ರೀತಿಯಲ್ಲಿ ಸೀರೆ ಉಡುವುದನ್ನು, ಆ ಗುರುತಿನ ಭಾರವಾದ ಒಡವೆಗಳನ್ನು ಬಿಡಿ ಎಂದು ಅವರು ಹೇಳಿದರು. ನೀರಿನ ಹಕ್ಕಿಗಾಗಿ ಅದೇ ವರ್ಷ ಅದೇ ಊರಿನ ಕೆರೆಗೆ ಇಳಿದ ಹೋರಾಟಗಾರ, ಉಡುವ ಬಗೆಯನ್ನು ನೀರಿನ ನಂತರದ ವಿಷಯವೆಂದು ಮುಂದಕ್ಕೆ ಹಾಕಲಿಲ್ಲ. ಎರಡನ್ನೂ ಒಟ್ಟಿಗೇ ಕೈಗೆತ್ತಿಕೊಂಡರು.

ಇಂದಿನ ಹಳ್ಳಿಗೆ ಬಂದರೆ, ಹೊಸ ಮನೆಗಳ ಗಿಳಿಹಸಿರು, ಗುಲಾಬಿ, ನೇರಳೆ ಗೋಡೆಗಳನ್ನು ಕಂಡು ಮೂಗು ಮುರಿಯುವವರಿದ್ದಾರೆ. ಕಣ್ಣಿಗೆ ಹೊಡೆಯುತ್ತವೆ ಎನ್ನುತ್ತಾರೆ. ನಾನು ಆ ಗೋಡೆಗಳ ಪಕ್ಷ. ಪ್ರಧಾನಮಂತ್ರಿ ಆವಾಸ್ ಯೋಜನೆಯ ಗ್ರಾಮೀಣ ಮನೆಗೆ ಕನಿಷ್ಠ ಅಳತೆ 25 ಚದರ ಮೀಟರ್. ಬಯಲು ಸೀಮೆಗೆ ಕೇಂದ್ರ ಗೊತ್ತು ಮಾಡಿದ ನೆರವು 1.20 ಲಕ್ಷ ರೂಪಾಯಿ. ಆ ಹಣದಲ್ಲಿ ಗೋಡೆ, ಚಾವಣಿ ಎದ್ದರೆ ಹೆಚ್ಚು. ಹೊರಗೆ ಕೂರುವ ಕಟ್ಟೆ, ಬಾಗಿಲ ಪಕ್ಕದ ಗೂಡು, ಪಡಸಾಲೆ, ಇವು ಯಾವ ಅಂದಾಜುಪಟ್ಟಿಯಲ್ಲೂ ಇಲ್ಲ. ಸಾಲಾಗಿ ಒಂದೇ ಅಚ್ಚಿನಲ್ಲಿ ನಿಂತ ಆ ಮನೆಗಳಲ್ಲಿ ಇದು ನನ್ನದು ಎಂದು ಹೇಳಲು ಮನೆಯಾಕೆಗೆ ಉಳಿದಿರುವುದು ಬಣ್ಣವೊಂದೇ, ಅದನ್ನು ಅವಳು ಧಾರಾಳವಾಗಿ ಬಳಸುತ್ತಾಳೆ. ನನ್ನ ತಕರಾರು ಇರುವುದು ಫ್ಲೆಕ್ಸಿನ ಮೇಲೆ. ಜಾತ್ರೆಗೆ, ಹುಟ್ಟುಹಬ್ಬಕ್ಕೆ, ಪುಢಾರಿಯ ಆಗಮನಕ್ಕೆ ಊರ ಅಗಸಿಯನ್ನು ಮುಚ್ಚುವ ಆ ಹಾಳೆಯಲ್ಲಿ ಊರಿನ ಯಾರ ಕೈಯೂ ಇರುವುದಿಲ್ಲ. ಬಣ್ಣ ಬೇಕಾದಷ್ಟಿದೆ, ಅದನ್ನು ಆರಿಸಿದವರು ಮಾತ್ರ ಅಲ್ಲಿಲ್ಲ. ಗೋಡೆ ಬರಹದ ಕಲಾವಿದರು ಬೀದಿಗೆ ಬಂದದ್ದೂ ಇದರಿಂದಲೇ. ಪ್ರದರ್ಶನಕ್ಕೆ ಏರಿದ ಕಲೆಗೂ ಇಂಥದೇ ಒಂದು ಅಪಾಯವಿದೆ. 2023ರ ಜುಲೈನಲ್ಲಿ ಹಂಪಿಯ ಜಿ-20 ಸಭೆಗೆಂದು ಸಂಡೂರಿನ ಸುಮಾರು 450 ಲಂಬಾಣಿ ಮಹಿಳೆಯರು ಹೊಲಿದ 1,755 ಕಸೂತಿ ವಸ್ತುಗಳು ಗಿನ್ನೆಸ್ ದಾಖಲೆ ಸೇರಿದವು. ಆ ಗೌರವ ಅವರಿಗೆ ಸಲ್ಲಲೇಬೇಕಾದದ್ದು, ಅದರಿಂದ ಬರುವ ಆದಾಯವೂ ಬೇಕು. ಆದರೆ ತಾಂಡಾದ ಹುಡುಗಿ ತನ್ನ ಅಂಗಿಗೆ ತಾನೇ ಒಂದು ಕನ್ನಡಿ ಚೂರು ಹೊಲಿದುಕೊಳ್ಳುವುದನ್ನು ಬಿಟ್ಟರೆ, ಗಾಜಿನ ಕಪಾಟಿನೊಳಗಿನ ಎಷ್ಟು ವಸ್ತುಗಳೂ ಅದಕ್ಕೆ ಸಮವಾಗಲಾರವು.

ಮನೆ ಬಿಟ್ಟು ಸಾರ್ವಜನಿಕ ಜಾಗಗಳಿಗೆ ಬಂದರೆ ನಮ್ಮ ದಾರಿದ್ರ್ಯ ಎದ್ದು ಕಾಣುತ್ತದೆ. ಆಸ್ಪತ್ರೆ, ಹಾಸ್ಟೆಲ್, ತಾಲ್ಲೂಕು ಕಚೇರಿ, ಬಸ್ ನಿಲ್ದಾಣ, ಬಡವರು ಹೆಚ್ಚು ಹೊತ್ತು ಕಳೆಯುವ ಜಾಗಗಳೇ ಎಲ್ಲಕ್ಕಿಂತ ಕಳಾಹೀನ. ಇಲ್ಲಿ ಚೆಂದ ಕೇಳಿದರೆ ಔಷಧಕ್ಕೇ ದುಡ್ಡಿಲ್ಲ ಎಂಬ ಉತ್ತರ ಸಿದ್ಧ. ಅಮೆರಿಕದ ರೋಜರ್ ಉಲ್ರಿಚ್ 1984ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟಿಸಿದ ಒಂದು ಪುಟ್ಟ ಅಧ್ಯಯನ ಇಲ್ಲಿ ನೆನಪಿಗೆ ಬರುತ್ತದೆ. ಪೆನ್ಸಿಲ್ವೇನಿಯಾದ ಆಸ್ಪತ್ರೆಯೊಂದರಲ್ಲಿ ಪಿತ್ತಕೋಶದ ಶಸ್ತ್ರಚಿಕಿತ್ಸೆಯಾದ 46 ರೋಗಿಗಳ ದಾಖಲೆಗಳನ್ನು ಅವರು ಜೋಡಿ ಜೋಡಿಯಾಗಿ ಹೋಲಿಸಿದರು. ಕಿಟಕಿಯಿಂದ ಮರ ಕಾಣುತ್ತಿದ್ದವರು ಇಟ್ಟಿಗೆ ಗೋಡೆ ಕಾಣುತ್ತಿದ್ದವರಿಗಿಂತ ಬೇಗ ಮನೆಗೆ ಹೋದರು, ಅವರಿಗೆ ಬಲವಾದ ನೋವುನಿವಾರಕವೂ ಕಡಿಮೆ ಸಾಕಾಯಿತು. ಒಂದೇ ಆಸ್ಪತ್ರೆಯ 46 ಜನರ ಮೇಲೆ ಇಡೀ ಸಿದ್ಧಾಂತ ಕಟ್ಟಬಾರದು, ನಿಜ. ಆದರೂ ಕಿಟಕಿಯ ಹೊರಗೊಂದು ಬೇವಿನ ಸಸಿ ನೆಡಲು ಎಷ್ಟು ಖರ್ಚು? ಹೊರರೋಗಿಗಳು ಕಾಯುವ ಪಡಸಾಲೆಗೆ ಹಳೆ ಮಾಳಿಗೆ ಮನೆಯ ಹಾಗೆ ಬೆಳಕಿಂಡಿ ಬಿಡಲು, ಗೋಡೆಗೆ ಊರಿನವರೇ ಸುಣ್ಣ, ಕೆಮ್ಮಣ್ಣಿನಲ್ಲಿ ಚಿತ್ತಾರ ಬರೆಯಲು ಎಷ್ಟು?

ಶಾಲೆಯಲ್ಲಂತೂ ಕಾನೂನೇ ಈ ವಾದದ ಪರ ನಿಂತಿದೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿಯ ಪ್ರಕಾರ ಆರರಿಂದ ಎಂಟನೇ ತರಗತಿಯವರೆಗೆ ನೂರಕ್ಕಿಂತ ಹೆಚ್ಚು ಮಕ್ಕಳಿರುವ ಶಾಲೆಗೆ ಕಲಾ ಶಿಕ್ಷಣಕ್ಕೊಬ್ಬ ಅರೆಕಾಲಿಕ ಬೋಧಕರು ಇರಬೇಕು. ಆಟದ ಮೈದಾನ, ಅಡುಗೆ ಕೋಣೆಯಷ್ಟೇ ಇದೂ ಕಾನೂನಿನ ಮಾತು. ರಾಯಚೂರಿಗೆ ಈ ವಿಚಾರ ಹೊಸದೂ ಅಲ್ಲ. ನಿಜಾಮರ ಆಳ್ವಿಕೆಯ ಕಾಲದಲ್ಲೇ ಪಂಡಿತ ತಾರಾನಾಥರು ಇಲ್ಲಿ ಹಮ್ದರ್ದ್ ಶಾಲೆ ಕಟ್ಟಿದರು. ವೈದ್ಯ, ಸಂಗೀತ, ನಾಟಕ, ಶಿಕ್ಷಣ ಇವೆಲ್ಲ ಆ ಒಬ್ಬ ಮನುಷ್ಯನಲ್ಲಿ ಬೇರೆ ಬೇರೆ ಖಾನೆಗಳಾಗಿರಲಿಲ್ಲ. ಈಗ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯಲ್ಲಿ ಕೂರುವ ಪಾಲಕರು ಕಟ್ಟಡ, ಬಿಸಿಯೂಟದ ಜೊತೆಗೆ ಆ ಬೋಧಕರು ಎಲ್ಲಿ ಎಂದೂ ಕೇಳಬಹುದು. ಅರ್ಹ ಪದವೀಧರರು ಸಿಗುವವರೆಗೆ ಕಾಯಬೇಕಾಗಿಯೂ ಇಲ್ಲ. ಕೌದಿ ಹೊಲಿಯುವ ಅಜ್ಜಿಯರು ಹಿರೇಕೊಟ್ನೆಕಲ್‌ನಂಥ ಊರುಗಳಲ್ಲಿ ಇನ್ನೂ ಇದ್ದಾರೆ. ವಾರಕ್ಕೆರಡು ಮಧ್ಯಾಹ್ನ ಅವರನ್ನು ಶಾಲೆಗೆ ಕರೆದು, ಅತಿಥಿ ಶಿಕ್ಷಕರಿಗೆ ಕೊಡುವ ಹಾಗೆ ಗೌರವಧನ ಕೊಟ್ಟು, ಗಂಡುಮಕ್ಕಳ ಕೈಗೂ ಸೂಜಿ ಕೊಡಿಸುವ ತೀರ್ಮಾನವನ್ನು ಮುಂದಿನ ಗ್ರಾಮಸಭೆಯಲ್ಲೇ ಮಂಡಿಸಲು ಯಾವ ಅಡ್ಡಿಯೂ ಇಲ್ಲ.